ಅರಳಿದ ಗ್ರಹ

ಹೊಳೆಗೆ ಎರಡು ದಡ. ಎರಡನ್ನೂ ನೆನೆಸುವ ನೀರು ಒಂದೇ. ಆ ನೀರನ್ನು ಹರಿಸುವವನ ಪಾದಕ್ಕೆ ಕೈಮುಗಿದು ಈ ಮಾತು.

ಈಚೆ ದಡದಲ್ಲಿ ಒಂದು ಸಣ್ಣ ಮಠ. ಮಠವೆಂದರೆ ಹಿಂದಿನ ಗುರುಗಳ ಗದ್ದುಗೆ, ಅದರ ಮುಂದೆ ಒಂದು ಹಜಾರ, ಪಕ್ಕದಲ್ಲಿ ಅಡುಗೆಮನೆ, ಒಳಗೊಂದು ಕೋಣೆ. ಅಷ್ಟೇ. ಆ ಕೋಣೆಯಲ್ಲಿ ವಯಸ್ಸಾದ ಸ್ವಾಮಿಗಳೊಬ್ಬರಿದ್ದರು. ಸುತ್ತಲಿನ ಜನ ಅವರನ್ನು ಬುದ್ಧಿ ಎಂದು ಕರೆಯುತ್ತಿದ್ದರು. ಭಕ್ತಿ ಹೆಚ್ಚಾದಾಗ ಸನ್ನಿಧಿ ಎನ್ನುತ್ತಿದ್ದರು.

ಅವರ ಶಿಷ್ಯನ ಹೆಸರು ಗುರುಶಾಂತ. ಹೆಸರಿನಲ್ಲಿದ್ದ ಶಾಂತಿ ಹೆಸರಿನಲ್ಲೇ ಉಳಿದಿತ್ತು.

ಮಠಕ್ಕೆ ಬರುವ ಮುಂಚೆ ಅವನು ಬೆಟ್ಟದ ಮೇಲಿನ ಒಂದು ವೀಕ್ಷಣಾಲಯದಲ್ಲಿದ್ದ. ದೊಡ್ಡ ದೂರದರ್ಶಕದಲ್ಲಿ ಬೇರೆ ನಕ್ಷತ್ರಗಳನ್ನು ನೋಡಿ, ಅವುಗಳನ್ನು ಸುತ್ತುವ ಗ್ರಹಗಳನ್ನು ಹುಡುಕುವುದು ಅವನ ಕೆಲಸ. ಒಮ್ಮೆ ಬುದ್ಧಿಯವರ ದರ್ಶನಕ್ಕೆಂದು ಬಂದವನು ಹಿಂತಿರುಗಿ ಹೋಗಲೇ ಇಲ್ಲ.

ಬಂದ ಹೊಸದರಲ್ಲಿ ಅವನ ಚಾಪೆ ಹೊರಜಗಲಿಯ ಮೇಲಿತ್ತು, ದಾರಿಹೋಕರ ಜೊತೆ. ಅಲ್ಲಿಗೆ ಗುರುವಿನ ದನಿ ಕೇಳುವುದಿಲ್ಲವೆಂದು ಅದನ್ನು ಹಜಾರಕ್ಕೆ ತಂದ. ಹಜಾರಕ್ಕೆ ಗುರುವಿನ ಕೆಮ್ಮು ಕೇಳುವುದಿಲ್ಲವೆಂದು ಗದ್ದುಗೆಯ ಪಕ್ಕಕ್ಕೆ ಸರಿಸಿದ. ಸರಿದು ಸರಿದು ಕೊನೆಗೆ ಆ ಚಾಪೆ ಬುದ್ಧಿಯವರ ಕೋಣೆಯ ಹೊಸ್ತಿಲಿಗೆ ಬಂದು ನಿಂತಿತು.

ಅಡುಗೆಯ ದೇವೀರಮ್ಮ ಇದನ್ನೆಲ್ಲ ನೋಡುತ್ತಲೇ ಇದ್ದಳು.

"ಇನ್ನೊಂದು ಅಮಾವಾಸ್ಯೆ ಕಳೀಲಿ, ನಿಮ್ಮ ಚಾಪೆ ಬುದ್ಧಿಯೋರ ದಿಂಬಿನ ಮೇಲೇ ಇರುತ್ತೆ" ಎಂದಳು.

"ಸನ್ನಿಧಿ ಅಂದರೆ ಹತ್ತಿರ ಅಂತಲೇ ಅರ್ಥ, ದೇವೀರಮ್ಮ."

"ಅರ್ಥ ಗಿರ್ಥ ನಂಗೆ ಗೊತ್ತಿಲ್ಲಪ್ಪ. ಒಲೆಗೆ ಹತ್ತಿರ ಇರೋಳು ನಾನು. ಹುಬ್ಬು ಸುಟ್ಕೊಂಡಿದ್ದೇ ಬಂತು."

ಗುರುಶಾಂತ ನಗಲಿಲ್ಲ. ಆ ಹೊಸ್ತಿಲಿನ ಜಾಗ ಸಿಕ್ಕ ದಿನದಿಂದ ಅವನಿಗೆ ಇದ್ದದ್ದು ಒಂದೇ ಭಯ. ಅದು ಎಲ್ಲಿ ಕೈತಪ್ಪಿ ಹೋಗುತ್ತದೋ ಎಂಬ ಭಯ.

ಹತ್ತಿರ ಬಂದರೆ ಮನಸ್ಸು ನಿಲ್ಲುತ್ತದೆ ಎಂದುಕೊಂಡಿದ್ದ. ನಿಲ್ಲಲಿಲ್ಲ. ಒಂದು ಕೆಮ್ಮಿಗೆ ಎದ್ದು ಕೂರುವನು, ಇನ್ನೊಂದಕ್ಕೆ ಎದ್ದು ನಿಲ್ಲುವನು. ಗುರುಗಳು ಕೈಚಾಚುವ ಮೊದಲೇ ಕೋಲು ಕೈಗೆ ಬಂದಿರುತ್ತಿತ್ತು. ಬಾಯಾರುವ ಮೊದಲೇ ನೀರಿನ ಚೊಂಬು ಮುಂದಿರುತ್ತಿತ್ತು.

ಒಂದು ದಿನ ಬುದ್ಧಿಯವರು "ಕಿಟಕಿ" ಎನ್ನುವಷ್ಟರಲ್ಲಿ ಅವನು ಓಡಿ ಹೋಗಿ ಕಿಟಕಿ ಮುಚ್ಚಿದ.

"ಕಿಟಕೀಲಿ ಗುಬ್ಬಿ ಕೂತಿದೆ ನೋಡು ಅನ್ನೋಣ ಅಂತಿದ್ದೆ" ಎಂದರು ಬುದ್ಧಿ. "ಹಾರಿ ಹೋಯ್ತು ಬಿಡು."

ಮೊದಲೆಲ್ಲ ಬೆಳಗಿನ ಪೂಜೆಯಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ ಹೊತ್ತು ಹೋದದ್ದು ಅವನಿಗೆ ತಿಳಿಯುತ್ತಿರಲಿಲ್ಲ. ಈಗ ಕಣ್ಣು ಲಿಂಗದ ಮೇಲೆ, ಕಿವಿ ಬಾಗಿಲ ಮೇಲೆ. ಒಳಗೆ ಸ್ವಲ್ಪ ಸದ್ದಾದರೂ ಅವಸರದಲ್ಲಿ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಏಳುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಶಿವನಿಗೆ ಹೇಳುವ ಅಗತ್ಯವಿರಲಿಲ್ಲ.

ಜನ ಮಾತ್ರ ಅವನನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದರು. ಬುದ್ಧಿಯವರನ್ನು ಕಾಣುವ ಮುಂಚೆ ಇವನನ್ನು ಕಾಣುವುದು ರೂಢಿಯಾಯಿತು. ಇವನ ಕಾಲಿಗೂ ಬಿದ್ದರು. ಕೇಳಿದ್ದಕ್ಕೆ ಇವನು "ಸನ್ನಿಧಿಯ ಅಪ್ಪಣೆ ಹೀಗಿದೆ" ಎಂದು ಹೇಳುತ್ತಿದ್ದ. ಮೊದಮೊದಲು ಒಳಗೆ ಕೇಳಿಕೊಂಡು ಬಂದು ಹೇಳುತ್ತಿದ್ದ. ಆಮೇಲೆ ಕೇಳದೆ ಹೇಳಿದ. ಎರಡೂ ಒಂದೇ ಎಂದು ಅವನಿಗೆ ನಿಜವಾಗಿಯೂ ಅನ್ನಿಸತೊಡಗಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಪುಟ್ಟಮಾದಪ್ಪ ಬಂದ.

ಪುಟ್ಟಮಾದಪ್ಪ ಈಚೆ ದಡದ ರೈತ. ಆಳು ದಪ್ಪ, ದನಿ ಸಣ್ಣ. ಅವನ ಅಣ್ಣ ಬೆಳ್ಳಪ್ಪನ ಮನೆ, ಗದ್ದೆ ಆಚೆ ದಡದಲ್ಲಿ. ಯಾವುದೋ ಬದುವಿನ ವಿಷಯಕ್ಕೆ ಅಣ್ಣತಮ್ಮಂದಿರಿಗೆ ಮಾತು ಬೆಳೆದು, ಪುಟ್ಟಮಾದಪ್ಪ ಗದ್ದುಗೆಯ ಮುಂದೆ ಕರ್ಪೂರ ಹಚ್ಚಿ ಆಣೆ ಹಾಕಿದ್ದ. ಅಣ್ಣನ ಮನೆಗೆ ಇನ್ನು ಹೋಗುವುದಿಲ್ಲ ಎಂದು. ಅದಾಗಿ ಎಷ್ಟೋ ಸುಗ್ಗಿಗಳು ಕಳೆದಿದ್ದವು.

"ಅಣ್ಣಂಗೆ ಸೀಕು, ಸ್ವಾಮಿ. ಮೇಲೇಳ್ತಿಲ್ವಂತೆ" ಎಂದ. "ಒಂದ್ಸಲ ನೋಡ್ಬೇಕು ಅನ್ಸುತ್ತೆ. ಆಣೆ ಕಾಲಿಗೆ ಅಡ್ಡ ಬಿದ್ದದೆ. ಬುದ್ಧಿಯೋರನ್ನ ಒಂದು ಮಾತು ಕೇಳಿ ಹೇಳಿ."

ಬುದ್ಧಿಯವರು ಬೆಳಗಿನಿಂದ ಕೆಮ್ಮಿ ಆಗಷ್ಟೇ ಕಣ್ಣು ಮುಚ್ಚಿದ್ದರು. ಗುರುಶಾಂತನಿಗೆ ಅವರನ್ನು ಎಬ್ಬಿಸಲು ಮನಸ್ಸಿರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಈ ಮನುಷ್ಯ ಬೇಗ ಹೊರಟರೆ ಸಾಕಾಗಿತ್ತು.

"ಗದ್ದುಗೆ ಮುಂದೆ ಹಾಕಿದ ಆಣೆ. ಮುರಿಯುವ ಹಾಗಿಲ್ಲ" ಎಂದ. "ಸನ್ನಿಧಿಯ ಅಪ್ಪಣೆ."

 ಪುಟ್ಟಮಾದಪ್ಪ ಮುಚ್ಚಿದ ಬಾಗಿಲಿಗೆ ಕೈಮುಗಿದು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಹೊರಟುಹೋದ.

ಒಳಗಿನಿಂದ ದನಿ ಬಂತು. "ಯಾರು ಬಂದಿದ್ದು, ಮರಿ?"

"ಯಾರೂ ಇಲ್ಲ, ಬುದ್ಧಿ."

ಅಂದಿನಿಂದ ಗುರುಶಾಂತನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗುಡಿಸಿದ ಹಜಾರವನ್ನೇ ಮತ್ತೆ ಗುಡಿಸಿದ. ತುಂಬಿದ ಕೊಡವನ್ನು ಚೆಲ್ಲಿ ಮತ್ತೆ ತುಂಬಿದ. ಮಠವನ್ನು ಸುತ್ತಿ ಸುತ್ತಿ ಹೊಸ್ತಿಲಿಗೇ ಬಂದು ನಿಲ್ಲುತ್ತಿದ್ದ. ನಿಂತರೆ ಅಲ್ಲಿಯೂ ಕಾಲು ಸುಡುತ್ತಿತ್ತು.

ಬಿತ್ತನೆಯ ಕಾಲ ಬಂತು. ಬಿತ್ತುವ ಮೊದಲು ಬೀಜದ ಭತ್ತವನ್ನು ತಂದು ಗದ್ದುಗೆಯ ಮುಂದಿಟ್ಟು, ಬುದ್ಧಿಯವರ ಕೈ ತಾಗಿಸಿಕೊಂಡು ಹೋಗುವುದು ಆ ಸೀಮೆಯ ಪದ್ಧತಿ. ಪುಟ್ಟಮಾದಪ್ಪನೂ ಒಂದು ಚೀಲ ಹೊತ್ತು ತಂದ. ಅಂದು ಬುದ್ಧಿಯವರು ಹಜಾರದಲ್ಲೇ ಕೂತಿದ್ದರು. ಪಕ್ಕದಲ್ಲಿ ಗುರುಶಾಂತ ಚೊಂಬು ಹಿಡಿದು ನಿಂತಿದ್ದ.

"ಬೆಳ್ಳಪ್ಪ ಹೇಗಿದ್ದಾನಪ್ಪ?" ಎಂದರು ಬುದ್ಧಿ.

"ಹಂಗೇ ಇದ್ದಾನಂತೆ, ಬುದ್ಧಿ. ಕಂಡೋರು ಹೇಳ್ತಾರೆ. ಅನ್ನ ಗಂಟಲಲ್ಲಿ ಇಳೀತಿಲ್ವಂತೆ."

"ಕಂಡೋರು ಯಾಕೆ ಹೇಳಬೇಕು? ನೀನು ಹೋಗಿಲ್ಲವೆ?"

"ತಾವೇ ಬ್ಯಾಡ ಅಂದ್ರಲ್ಲ, ಬುದ್ಧಿ. ಅಪ್ಪಣೆ ಮೀರೋ ಮಗ ಅಲ್ಲ ನಾನು."



ಬುದ್ಧಿಯವರು ಗುರುಶಾಂತನ ಕಡೆ ತಿರುಗಿ ನೋಡಲಿಲ್ಲ. ಭತ್ತದ ಚೀಲದ ಮೇಲಿಟ್ಟ ಕೈಯನ್ನೂ ತೆಗೆಯಲಿಲ್ಲ.

"ಹೌದೇ" ಎಂದರು. "ಆ ಮಾತು ಈ ಮಠದಿಂದ ಹೊರಟಿದ್ದರೆ ಅದು ನನ್ನದೇ. ನಾನೇ ಹೋಗಿ ಅದನ್ನು ವಾಪಸು ತರಬೇಕು. ಕೋಲು ಎಲ್ಲಿ?"

ಕೋಲು ಕೊಡಲು ಗುರುಶಾಂತ ತಡಮಾಡಿದ್ದು ಅದೇ ಮೊದಲು.

"ಆಣೆ ಹಾಕುವಾಗ ಏನಂದೆ?" ಎಂದು ಬುದ್ಧಿಯವರು ಏಳುತ್ತ ಕೇಳಿದರು. "ಅಂದ ಹಾಗೇ ಹೇಳು, ಒಂದು ಮಾತೂ ಬಿಡದೆ."

ಪುಟ್ಟಮಾದಪ್ಪ ತಲೆ ತಗ್ಗಿಸಿದ. "ಈ ಗದ್ದುಗೆ ಆಣೆ, ನಿನ್ನ ಹೊಸ್ತಿಲು ತುಳಿಯಲ್ಲ ಅಂದೆ, ಬುದ್ಧಿ."

"ಸರಿ. ತುಳಿಯಬೇಡ. ನಡಿ. ಆ ಚೀಲವೂ ಬರಲಿ."

ಹೊಳೆಯಲ್ಲಿ ಪುಟ್ಟಮಾದಪ್ಪನದೇ ಹರಿಗೋಲು. ಮೂವರೂ ಕೂತರು. ನಡುನೀರಿಗೆ ಬಂದಾಗ ಹರಿಗೋಲು ತಿರುಗತೊಡಗಿತು. ಮಠ ಒಮ್ಮೆ ಮುಂದೆ ಕಂಡಿತು, ಒಮ್ಮೆ ಹಿಂದೆ ಕಂಡಿತು. 

"ಬುದ್ಧಿ, ಆವತ್ತಿನ ಆ ಮಾತು" ಎಂದು ಗುರುಶಾಂತ ಎದ್ದ.

"ಹರಿಗೋಲಿನಲ್ಲಿ ಎದ್ದು ನಿಲ್ಲಬಾರದು" ಎಂದರು ಬುದ್ಧಿ. "ಕೂತ್ಕೋ. ದಡ ಬರಲಿ."

ಬೆಳ್ಳಪ್ಪನ ಮನೆ ದಡಕ್ಕೆ ಹತ್ತಿರವೇ ಇತ್ತು. ಅವನ ಹೆಂಡತಿ ಚಿಕ್ಕತಾಯಮ್ಮ ಬಾಗಿಲಿಗೆ ಬಂದವಳು ಬುದ್ಧಿಯವರನ್ನು ಕಂಡು ಸೆರಗು ಸರಿಮಾಡಿಕೊಂಡಳು. ಅವರ ಹಿಂದೆ ಮೈದುನನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಪುಟ್ಟಮಾದಪ್ಪ ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ ನಿಂತುಬಿಟ್ಟ.

"ಮರಿ, ಬಗ್ಗು" ಎಂದರು ಬುದ್ಧಿ.

ಗುರುಶಾಂತನಿಗೆ ಅರ್ಥವಾಗಲಿಲ್ಲ.

"ಬಗ್ಗು. ಪುಟ್ಟಮಾದಪ್ಪ, ಇವನ ಬೆನ್ನು ಹತ್ತು."

ಪುಟ್ಟಮಾದಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಎಲ್ಲಾದ್ರೂ ಉಂಟೆ, ಬುದ್ಧಿ? ಮಠದ ಮರಿಯೋರ ಬೆನ್ನು. ನಂಗೆ ಪಾಪ ಬರುತ್ತೆ."

"ಅವನ ಪಾಲಿನದನ್ನು ಅವನು ಹೊರುತ್ತಾನೆ. ನೀನು ಹತ್ತು."

ಹತ್ತಿದ.

 ಇಷ್ಟು ದಿನ ಗುರುಶಾಂತ ಹೊತ್ತದ್ದು ಚೊಂಬು, ಕೋಲು, ಹೂವಿನ ಬುಟ್ಟಿ. ಒಬ್ಬ ಮನುಷ್ಯನ ತೂಕ ಎಷ್ಟೆಂದು ಅವನಿಗೆ ಗೊತ್ತಿರಲಿಲ್ಲ. ಕುತ್ತಿಗೆಯ ಮೇಲೆ ಪುಟ್ಟಮಾದಪ್ಪನ ಬಿಸಿ ಉಸಿರು. ಬೆನ್ನಿಗೆ ಒತ್ತಿಕೊಂಡು ಅವನ ಎದೆ ಡವಡವ ಹೊಡೆದುಕೊಳ್ಳುವುದು ಕೇಳುತ್ತಿತ್ತು.

"ತಲೆ ಬಗ್ಸು ಪುಟ್ಟ, ಬಾಗಿಲು ಗಿಡ್ಡ" ಎಂದಳು ಚಿಕ್ಕತಾಯಮ್ಮ. ಅಷ್ಟು ವರ್ಷಗಳ ಮೇಲೆ ಮೈದುನನಿಗೆ ಅವಳು ಆಡಿದ ಮೊದಲ ಮಾತು ಅದು.

ಒಳಗೆ ಮಂಚದ ಮೇಲಿಂದ ಒಂದು ಬಡಕಲು ದನಿ ಬಂತು. "ಯಾರೇ ಅದು, ಗೋಣಿಚೀಲ ಹೊತ್ಕೊಂಡು ಬರ್ತಿರೋದು?"

"ನಾನೇ ಕಣಣ್ಣ."



"ಕಾಲು ಮುರ್ಕೊಂಡ್ಯೇನ್ಲಾ?"

"ಇಲ್ಲ ಕಣಣ್ಣ. ಆಣೆ."

ಬೆಳ್ಳಪ್ಪ ನಗಲು ಹೋದ. ನಗು ಕೆಮ್ಮಾಯಿತು. ಕೆಮ್ಮು ಮತ್ತೇನೋ ಆಯಿತು. "ಹೊಸ್ತಿಲು ದಾಟಿತು. ಇಳಿಸು" ಎಂದು ಬುದ್ಧಿಯವರು ಹೇಳಿದಾಗ ಗುರುಶಾಂತ ತಮ್ಮನನ್ನು ಅಣ್ಣನ ಮಂಚದ ಮೇಲೇ ಇಳಿಸಿದ.  ಗೋಡೆಗೆ ಒರಗಿ ಉಸಿರು ಬಿಟ್ಟ. ಎಷ್ಟೋ ದಿನಗಳಲ್ಲಿ ಮೊದಲ ಬಾರಿಗೆ, ಗುರುಗಳು ಎಲ್ಲಿ ನಿಂತಿದ್ದಾರೆಂದು ಅವನು ನೋಡಿರಲಿಲ್ಲ.

ಅಣ್ಣತಮ್ಮಂದಿರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಕೈ ಬಿಟ್ಟರೆ ಮಾತಾಡಬೇಕಾಗುತ್ತದಲ್ಲ ಎಂದು ಹಿಡಿದ ಹಾಗಿತ್ತು.

ಕೊನೆಗೆ ಪುಟ್ಟಮಾದಪ್ಪನೇ ಕೇಳಿದ. "ವಾಪಸ್ ಹೋಗೋವಾಗ ಹೆಂಗೆ, ಬುದ್ಧಿ? ನಾಳೆ ಬರೋವಾಗ?"

"ಇವನಿದ್ದಾನಲ್ಲ. ನೀನು ಬಂದಾಗ ಹೊತ್ತು ತರುತ್ತಾನೆ, ಹೋಗುವಾಗ ಹೊತ್ತು ಬಿಡುತ್ತಾನೆ" ಎಂದರು ಬುದ್ಧಿ. "ಮರಿ, ಇನ್ನು ಮೇಲೆ ನೀನು ಇಲ್ಲೇ ಇರು. ಇವರ ಜಗಲಿಯಲ್ಲಿ ಚಾಪೆಗೆ ಜಾಗ ಇದೆ."



ಗುರುಶಾಂತ ಬಾಯಿ ತೆರೆಯುವ ಮೊದಲೇ ಚಿಕ್ಕತಾಯಮ್ಮ ಮೆಲ್ಲಗೆ ಹೇಳಿದಳು. "ಅರಳಿನ ಗಂಜಿ ಆದ್ರೆ ಇವರಿಗೆ ಇಳೀಬಹುದು, ಬುದ್ಧಿ. ಮನೇಲಿ ಭತ್ತ ತೀರಿದೆ."

"ತಮ್ಮ ತಂದಿದ್ದಾನೆ. ಒಂದು ಬೊಗಸೆ ತಗೋ. ಹುರಿಯೋಕೆ ಇವನಿದ್ದಾನೆ."

ಹಿತ್ತಿಲಿನಲ್ಲಿ ಒಲೆ. ಒಲೆಯ ಮೇಲೆ ಮಣ್ಣಿನ ಬಾಣಲೆ, ಬಾಣಲೆಯಲ್ಲಿ ಮರಳು. ಮರಳು ಕಾದ ಮೇಲೆ ಭತ್ತ ಹಾಕಿ ಕೈಬಿಡದೆ ಆಡಿಸಬೇಕೆಂದು ತೋರಿಸಿ ಚಿಕ್ಕತಾಯಮ್ಮ ಒಳಗೆ ಹೋದಳು. ಗುರುಶಾಂತ ಒಲೆಯ ಮುಂದೆ ಕೂತ. ಬುದ್ಧಿಯವರು ಒರಳಿನ ಮೇಲೆ ಕೂತರು.

"ಆ ಮಾತು ನಾನೇ ಹೇಳಿದ್ದು, ಬುದ್ಧಿ. ತಮ್ಮ ಹೆಸರಿನಲ್ಲಿ" ಎಂದ ಗುರುಶಾಂತ.

"ಭತ್ತ ಹಾಕು. ಮರಳು ಕಾದಿದೆ."

"ಬೇರೆ ಯಾವ ಶಿಕ್ಷೆಯಾದರೂ ಕೊಡಿ. ದೂರ ಮಾತ್ರ ಮಾಡಬೇಡಿ."

"ಶಿಕ್ಷೆ ಅಂದವರು ಯಾರು?"

ಅವನು ಭತ್ತ ಹಾಕಿ ಆಡಿಸತೊಡಗಿದ. ಕೈಗೂ ಮನಸ್ಸಿಗೂ ಒಂದೇ ಅವಸರ. ಮೊದಲ ಕಾಳು ಚಟ್ಟೆಂದಿತು.

"ಬೆಟ್ಟದ ಮೇಲಿದ್ದಾಗ ನಾನೊಂದು ಗ್ರಹವನ್ನು ನೋಡುತ್ತಿದ್ದೆ, ಬುದ್ಧಿ. ಕಣ್ಣಿಗೆ ಕಾಣುವುದಲ್ಲ. ದೀಪದ ಮುಂದೆ ಹುಳ ಹಾದರೆ ಬೆಳಕು ಚೂರು ಮಂಕಾಗುವುದಿಲ್ಲವೆ, ಹಾಗೆ ನಕ್ಷತ್ರ ಮಂಕಾದಾಗ ಲೆಕ್ಕ ಹಾಕಿ ತಿಳಿಯುವುದು. ಆ ಗ್ರಹ ಹುಟ್ಟಿದ್ದು ತನ್ನ ನಕ್ಷತ್ರದಿಂದ ಬಹಳ ದೂರದಲ್ಲಿ ಅಂತ ನಮ್ಮ ಅಂದಾಜು. ಚಳಿಯಲ್ಲಿ, ಕತ್ತಲಲ್ಲಿ. ಆಮೇಲೆ ಒಳಗೆ ಒಳಗೆ ಸರಿದು ಬಂದು ಈಗ ನಕ್ಷತ್ರದ ಮಗ್ಗುಲಲ್ಲೇ ಇದೆ. ಅದನ್ನು ನೋಡಿ ನೋಡಿಯೇ ನನಗೆ ಅನ್ನಿಸಿದ್ದು, ಇದ್ದರೆ ಹಾಗಿರಬೇಕು ಅಂತ. ಬೆಳಕಿನ ಪಕ್ಕದಲ್ಲೇ. ಅದಕ್ಕೇ ತಮ್ಮ ಪಾದಕ್ಕೆ ಬಂದೆ."

"ಒಳ್ಳೇದಾಯ್ತು" ಎಂದರು ಬುದ್ಧಿ. "ಈಗ ಹೇಗಿದೆ ಅದು?"

"ಯಾವುದು?"

"ನಿನ್ನ ಗ್ರಹ. ಬೆಳಕಿನ ಪಕ್ಕ ಬಂತಲ್ಲ. ಚೆನ್ನಾಗಿದೆಯೋ?"

 ಮನುಷ್ಯನಿಗೆ ಸುಳ್ಳು ಹೇಳಿದ್ದ ಗುರುಶಾಂತನ ನಾಲಿಗೆಗೆ ಗ್ರಹದ ವಿಷಯದಲ್ಲಿ ಸುಳ್ಳು ಹೊರಳಲಿಲ್ಲ.

"ಊದಿಕೊಂಡಿದೆ, ಬುದ್ಧಿ."

"ಊದಿಕೊಂಡಿದೆ ಅಂದರೆ?"

"ನಮ್ಮ ಭೂಮಿಯಂಥವು ಇನ್ನೂರಕ್ಕಿಂತ ಹೆಚ್ಚು ಅದರೊಳಗೆ ಹಿಡಿಯುತ್ತವೆ. ತೂಕ ನೋಡಿದರೆ ಇಪ್ಪತ್ತು ಭೂಮಿಯಷ್ಟೂ ಇಲ್ಲ. ಅದು ಹಿಡಿಯುವಷ್ಟು ದೊಡ್ಡ ಹೊಳೆ ಒಂದಿದ್ದು ಅದರಲ್ಲಿ ಬಿಟ್ಟರೆ ತೇಲುತ್ತದೆ. ಒಳಗೆಲ್ಲೋ ಒಂದು ಗಟ್ಟಿ ತಿರುಳಿದೆ. ಮಿಕ್ಕಿದ್ದೆಲ್ಲ ಕಾದು ಹಿಗ್ಗಿದ ಗಾಳಿ."

"ಹಿಗ್ಗಿದರೆ ಒಳ್ಳೆಯದಲ್ಲವೆ?"

"ಇದು ಆ ಹಿಗ್ಗಲ್ಲ, ಬುದ್ಧಿ."

ಬಾಣಲೆಯಲ್ಲಿ ಭತ್ತ ಚಟಪಟ ಎನ್ನತೊಡಗಿತು. ಹೊಟ್ಟು ಒಡೆದು ಬೆಳ್ಳಗೆ ಅರಳಿದ ಕಾಳುಗಳು ಹಾರಿ ಹಾರಿ ನೆಲಕ್ಕೆ ಬಿದ್ದವು. ಒಂದು ಬಂದು ಬುದ್ಧಿಯವರ ಗಡ್ಡದಲ್ಲಿ ಕೂತಿತು. ಅವರು ಅದನ್ನು ತೆಗೆಯಲಿಲ್ಲ.

"ನಿಂತಿದೆಯೋ, ಸುತ್ತುತ್ತದೆಯೋ?"

"ಸುತ್ತುತ್ತದೆ. ನಮಗೆ ಒಂದು ವಾರ ಆಗುವುದರೊಳಗೆ ಅದಕ್ಕೆ ಒಂದು ವರ್ಷ ಮುಗಿದಿರುತ್ತದೆ."

"ಯಾಕಪ್ಪ ಅಷ್ಟು ಅವಸರ?"

"ಅಷ್ಟು ಹತ್ತಿರ ಇದ್ದ ಮೇಲೆ ಓಡಲೇಬೇಕು, ಬುದ್ಧಿ. ನಿಧಾನ ಮಾಡಿದರೆ ಒಳಗೆ ಬಿದ್ದುಹೋಗುತ್ತದೆ."

ಅಂದವನ ಕೈ ಒಂದು ಕ್ಷಣ ನಿಂತಿತು. ಮತ್ತೆ ಆಡಿಸಿದ.

"ಮುಖ ಯಾವ ಕಡೆ?"

"ಅಷ್ಟು ಹತ್ತಿರದ ಗ್ರಹಕ್ಕೆ ಹೊರಳುವುದಕ್ಕೆ ಆಗುವುದಿಲ್ಲ. ಒಂದೇ ಮುಖ ಸದಾ ನಕ್ಷತ್ರದ ಕಡೆಗೇ ಇರುತ್ತದೆ."

"ಬೆನ್ನಿನ ಕಡೆ?"

"ಬೆನ್ನಿನ ಕಡೆಗೆ ಬೆಳಕಿಲ್ಲ, ಬುದ್ಧಿ. ಅಲ್ಲಿ ಯಾವತ್ತೂ ರಾತ್ರಿ."

ಒಳಗಿನಿಂದ ಅಣ್ಣತಮ್ಮಂದಿರ ದನಿ ಕೇಳಿಸಿತು. ಏನೋ ಬದುವಿನ ವಿಷಯ. ಈ ಸಲ ಒಬ್ಬರ ತಪ್ಪನ್ನು ಒಬ್ಬರು ತಮ್ಮ ಮೇಲೆ ಎಳೆದುಕೊಳ್ಳಲು ಜಗಳವಾಡುತ್ತಿದ್ದರು.

ಗುರುಶಾಂತ ಬೆಂಕಿಯನ್ನೇ ನೋಡುತ್ತ ಹೇಳಿದ, ಯಾರೂ ಕೇಳದಿದ್ದರೂ. "ಅದು ಸವೆಯುತ್ತಿದೆ, ಬುದ್ಧಿ. ಶಾಖಕ್ಕೆ ಮೈಯೇ ಕಿತ್ತು ಹಿಂದೆ ಬಾಲದ ಹಾಗೆ ಹಾರಿಹೋಗುತ್ತಿದೆ. ದಿನಾ ಒಂದಿಷ್ಟು."

"ನಕ್ಷತ್ರಕ್ಕೆ ಗೊತ್ತೇ?"

"ನಕ್ಷತ್ರಕ್ಕೆ ಏನು ಗೊತ್ತು. ಉರಿಯುವುದೊಂದೇ."

"ಅದನ್ನು ಹಿಡಿದು ಸ್ವಲ್ಪ ದೂರ ಕೂರಿಸುವವರು ಯಾರೂ ಇಲ್ಲವೆ?"

"ಯಾರಿದ್ದಾರೆ, ಬುದ್ಧಿ. ಇಲ್ಲ."

"ಪಾಪ" ಎಂದರು ಬುದ್ಧಿ.

ಕಣ್ಣು ಮುಚ್ಚಿ, ಹಗಲಿನ ಆಕಾಶದ ಕಡೆಗೆ ಕೈಮುಗಿದರು. ಎಲ್ಲಿಯೋ ಇದ್ದ, ಯಾರೂ ಇಲ್ಲದ ಆ ಗ್ರಹಕ್ಕಾಗಿ ಅವರು ನಿಜವಾಗಿಯೂ ಬೇಡಿಕೊಂಡರು. ತುಟಿ ಅಲುಗುವುದು ಗುರುಶಾಂತನಿಗೆ ಕಾಣುತ್ತಿತ್ತು.

ಕಣ್ಣು ತೆರೆದು, ಗಡ್ಡದಲ್ಲಿದ್ದ ಅರಳನ್ನು ತೆಗೆದು ನೋಡಿದರು.

"ಹೂವೂ ಅರಳುತ್ತೆ, ಭತ್ತವೂ ಅರಳುತ್ತೆ. ಎರಡಕ್ಕೂ ನಮ್ಮ ಹಿರಿಯರು ಒಂದೇ ಮಾತು ಇಟ್ಟರು. ಅರಳಿದ ಹೂವಿನಿಂದ ಕಾಯಾಗುತ್ತೆ. ಅರಳಿದ ಭತ್ತದಿಂದ ಏನಾಗುತ್ತೆ?"

"ಗಂಜಿ."

"ಹ್ಞೂ. ಬಿತ್ತಿದರೆ ಮೊಳೆಯಲ್ಲ. ಆದರೆ ಗಂಜಿಯೂ ಬೇಕು. ಹಗುರಾದದ್ದೇ ಇವತ್ತು ಬೆಳ್ಳಪ್ಪನ ಹೊಟ್ಟೆಗೆ ಆಗೋದು. ಇಳಿಸು, ಸೀಯ್ತದೆ."

ಚಿಕ್ಕತಾಯಮ್ಮ ಮರಳು ಜರಡಿ ಹಿಡಿದು, ಹೊಟ್ಟು ಕೇರಿ, ಗಂಜಿ ಕಾಯಿಸಿದಳು. ಪುಟ್ಟಮಾದಪ್ಪ ತಾನೇ ಅಣ್ಣನಿಗೆ ಕುಡಿಸಿದ. ಮೊದಲ ಗುಟುಕು ಹೊರಬಂತು. ಎರಡನೆಯದು ನಿಂತಿತು. "ಇಳೀತು" ಎಂದಳು ಚಿಕ್ಕತಾಯಮ್ಮ, ಯಾರಿಗೋ ಹೇಳುವ ಹಾಗೆ, ಗೋಡೆಯ ಮೇಲಿನ ದೇವರ ಪಟದ ಕಡೆ ನೋಡಿ.

ಹೊರಡುವ ಹೊತ್ತಾಯಿತು. ಗುರುಶಾಂತ ಹೇಳಿಸಿಕೊಳ್ಳದೆ ಬಗ್ಗಿದ. ಪುಟ್ಟಮಾದಪ್ಪ ಬೆನ್ನು ಹತ್ತಿದ. ಹೊಸ್ತಿಲಿನ ಹತ್ತಿರ ಬಂದಾಗ ಗುರುಶಾಂತ ನಿಂತ.

"ಆವತ್ತಿನ ಅಪ್ಪಣೆ ಬುದ್ಧಿಯವರದಲ್ಲ, ಪುಟ್ಟಮಾದಪ್ಪ. ಅವರನ್ನು ನಾನು ಕೇಳಲೇ ಇಲ್ಲ. ಅದು ನನ್ನ ಮಾತು."

 ಆ ಹೊತ್ತಿನಲ್ಲಿ ಬೆನ್ನ ಮೇಲಿದ್ದವನ ತೂಕ ಇಮ್ಮಡಿಯಾದ ಹಾಗಿತ್ತು.

"ಅಣ್ಣ ಹೋಗ್ಬಿಟ್ಟಿದ್ರೆ ಏನ್ ಮಾಡ್ತಿದ್ರಿ, ಸ್ವಾಮಿ?" ಎಂದ ಕೊನೆಗೆ, ಆ ಸಣ್ಣ ದನಿಯಲ್ಲಿ.

ಗುರುಶಾಂತ ಹೊಸ್ತಿಲು ದಾಟಲು ಕಾಲೆತ್ತಿದ.

"ಹೆಜ್ಜೆ ನೋಡ್ಕೊಂಡು ಇಡಿ" ಎಂದ ಪುಟ್ಟಮಾದಪ್ಪ. "ಹೊಸ್ತಿಲು ಎತ್ತರ ಅದೆ."

ದಡದಲ್ಲಿ ಬುದ್ಧಿಯವರು ಆಗಲೇ ಹರಿಗೋಲಿನ ಪಕ್ಕ ನಿಂತಿದ್ದರು. ಭತ್ತದ ಚೀಲವನ್ನು ಗುರುಶಾಂತನ ಕಾಲ ಬಳಿ ಇಡಿಸಿದರು.

"ಇದು ಬೆಳ್ಳಪ್ಪನ ಗದ್ದೆಗೆ. ಅದು ಈ ಸಲ ಹಾಗೇ ಬಿದ್ದಿದೆ. ನಿನಗೆ ಬಿತ್ತಲು ಬರುತ್ತದೋ?"

"ಇಲ್ಲ, ಬುದ್ಧಿ."

"ನಾನು ಬಂದು ತೋರಿಸ್ತೀನಿ" ಎಂದ ಪುಟ್ಟಮಾದಪ್ಪ, ಹುಟ್ಟು ಹಿಡಿಯುತ್ತ. "ಗದ್ದೆಗೆ ಆಣೆ ಇಲ್ಲ."

ಬುದ್ಧಿಯವರು ನಕ್ಕರು. ಗುರುಶಾಂತನಿಗೆ ನಗು ಬರಲಿಲ್ಲ. ಹರಿಗೋಲಿನ ಅಂಚು ಹಿಡಿದುಕೊಂಡೇ ಇದ್ದ. ಬಿಟ್ಟರೆ ಅದು ಹೊರಟುಹೋಗುತ್ತದೆ.

"ಇಲ್ಲಿಗೆ ತಮ್ಮ ಕೆಮ್ಮು ಕೇಳುವುದಿಲ್ಲ, ಬುದ್ಧಿ."

"ಬೆಳ್ಳಪ್ಪ ಕೆಮ್ಮುತ್ತಾನಲ್ಲ."

"ಪೂಜೆಯಲ್ಲಿ ನನ್ನ ಮನಸ್ಸು ನಿಲ್ಲುತ್ತಿಲ್ಲ, ಬುದ್ಧಿ. ಹೊಸ್ತಿಲಲ್ಲಿದ್ದಾಗಲೇ ನಿಲ್ಲಲಿಲ್ಲ. ಇಷ್ಟು ದೂರದಲ್ಲಿ ನನಗೇನು ಸಿಕ್ಕೀತು? ಬೆಳಕು ಇಲ್ಲಿಯವರೆಗೆ ಬರುತ್ತದೆಯೇ?"

ಬುದ್ಧಿಯವರು ಕಣ್ಣಿಗೆ ಕೈ ಅಡ್ಡ ಹಿಡಿದು ಪಡುವಣಕ್ಕೆ ಇಳಿಯುತ್ತಿದ್ದ ಸೂರ್ಯನನ್ನು ನೋಡಿದರು.

"ನಿನಗೆ ಲೆಕ್ಕ ಗೊತ್ತಲ್ಲ. ಆತ ನಮಗೆ ಎಷ್ಟು ದೂರ?"

"ಹದಿನೈದು ಕೋಟಿ ಕಿಲೋಮೀಟರು, ಬುದ್ಧಿ."

ಅವರು ಬಗ್ಗಿ ಚೀಲದಿಂದ ಒಂದು ಕಾಳು ಭತ್ತ ತೆಗೆದರು. ಹರಿಗೋಲಿನ ಅಂಚಿನಿಂದ ಅವನ ಎಡಗೈಯನ್ನು ಬಿಡಿಸಿ, ಅಂಗೈ ಬಿಚ್ಚಿ, ಅದರ ನಡುವೆ ಇಟ್ಟರು.

"ಇದು ಬೆಳೆದದ್ದು ಅಷ್ಟು ದೂರದಲ್ಲೇ."